ಅಕ್ಕಿಯ ಹಾಲು ಪಾಯಸ: ಉರಿ ಸಣ್ಣ, ಸಕ್ಕರೆ ಕೊನೆಗೆ

ಹಾಲು ಪಾಯಸ ಕೆನೆಯಂತೆ ಬರಲು ಕಂಡೆನ್ಸ್ಡ್ ಮಿಲ್ಕ್, ಕಾರ್ನ್‌ಫ್ಲೋರ್ ಯಾವುದೂ ಬೇಡ. ಅಕ್ಕಿ ಬಿಡುವ ಗಂಜಿ, ನಿಧಾನಕ್ಕೆ ಬತ್ತಿದ ಹಾಲು, ಇಷ್ಟೇ ಸಾಕು.

ನನ್ನ ಅಳತೆ: 1 ಲೀಟರ್ ಗಟ್ಟಿ ಹಾಲಿಗೆ 60 ಗ್ರಾಂ ಅಕ್ಕಿ, 90 ಗ್ರಾಂ ಸಕ್ಕರೆ. ಅಕ್ಕಿ ಇದಕ್ಕಿಂತ ಹೆಚ್ಚಾದರೆ ಆರಿದ ಮೇಲೆ ಮೊಸರನ್ನದ ಹಾಗೆ ಮುದ್ದೆಗಟ್ಟುತ್ತದೆ. ನಾನು ಹಾಕುವುದು ಸೋನಾ ಮಸೂರಿ ಬೆಳ್ತಿಗೆ ಅಕ್ಕಿ. ಜೀರಿಗೆ ಸಣ್ಣ ಎಂಬ ಪರಿಮಳದ ಅಕ್ಕಿ ಸಿಕ್ಕರೆ ಘಮವೇ ಬೇರೆ. ಬಾಸ್ಮತಿ ಬೆಂದರೂ ಉದುರುದುರಾಗಿಯೇ ಇರುತ್ತದೆ, ಹಾಲಿನೊಂದಿಗೆ ಬೆರೆಯುವುದಿಲ್ಲ. ಕುಚ್ಚಲಕ್ಕಿಯಂತೂ ಬೇಡವೇ ಬೇಡ. ಅಕ್ಕಿಯನ್ನು ಒಂದೇ ಸಲ ತೊಳೆದು 20 ನಿಮಿಷ ನೆನೆಸಿ, ನೀರು ಬಸಿದು, ಕೈಯಲ್ಲೇ ತುಸು ಮುರಿಯುವಂತೆ ಹಿಸುಕುತ್ತೇನೆ. ಮುರಿದ ಕಾಳು ಬೇಗ ಗಂಜಿ ಬಿಡುತ್ತದೆ.

ದಪ್ಪ ತಳದ ಪಾತ್ರೆಯಲ್ಲಿ ಮೊದಲು ಅರ್ಧ ಲೋಟ ನೀರು ಕುದಿಸಿ, ಅದರ ಮೇಲೆ ಹಾಲು ಸುರಿಯಿರಿ. ತಳ ಬೇಗ ಹಿಡಿಯುವುದಿಲ್ಲ. ಹಾಲು ಉಕ್ಕಿ ಬಂದಾಗ ಅಕ್ಕಿ ಹಾಕಿ ಉರಿ ತಗ್ಗಿಸಿ. 40ರಿಂದ 45 ನಿಮಿಷ ಬೇಕು. ಎರಡು ಮೂರು ನಿಮಿಷಕ್ಕೊಮ್ಮೆ ತಳ ಮುಟ್ಟುವಂತೆ ಕೈಯಾಡಿಸಿ, ಅಂಚಿಗೆ ಅಂಟಿದ ಕೆನೆಯನ್ನು ಒಳಕ್ಕೆ ತಳ್ಳುತ್ತಿರಿ. ಪಾಯಸದ ರುಚಿಯೆಲ್ಲ ಆ ಕೆನೆಯಲ್ಲಿದೆ. ಕೊನೆಯ ಹತ್ತು ನಿಮಿಷ ಒಲೆ ಬಿಟ್ಟು ಕದಲಬಾರದು.

ಕಾಳನ್ನು ಬೆರಳಲ್ಲಿ ಒತ್ತಿದರೆ ನಡುವೆ ಗಟ್ಟಿ ಸಿಗಬಾರದು. ಆಮೇಲಷ್ಟೇ ಸಕ್ಕರೆ. ಮೊದಲೇ ಹಾಕಿದರೆ ಸಕ್ಕರೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಕಾಳು ಉಬ್ಬುವುದು ನಿಧಾನವಾಗಿ ಎಷ್ಟು ಹೊತ್ತಾದರೂ ಬಿರುಸಾಗಿಯೇ ಉಳಿಯುತ್ತದೆ. ಸಕ್ಕರೆ ಬಿದ್ದ ಕೂಡಲೇ ಪಾಯಸ ನೀರಾದಂತೆ ಕಾಣುತ್ತದೆ; ಗಾಬರಿ ಬೇಡ, 8-10 ನಿಮಿಷದಲ್ಲಿ ಮತ್ತೆ ಹದಕ್ಕೆ ಬರುತ್ತದೆ. ಸೌಟಿನ ಹಿಂಬದಿಗೆ ತೆಳ್ಳಗೆ ಹತ್ತಿಕೊಳ್ಳುವಾಗಲೇ ಇಳಿಸಿ, ಏಕೆಂದರೆ ಆರುತ್ತಾ ಇನ್ನೂ ಗಟ್ಟಿಯಾಗುತ್ತದೆ. ಏಲಕ್ಕಿ ಪುಡಿ, ಚಿಟಿಕೆ ಉಪ್ಪು, ತುಪ್ಪದಲ್ಲಿ ಹುರಿದ ಗೋಡಂಬಿ ಇಳಿಸಿದ ಮೇಲೆ ಹಾಕಿ. ದ್ರಾಕ್ಷಿಯೂ ಆಗಲೇ, ಅದರ ಹುಳಿಗೆ ಕುದಿಯುವ ಹಾಲು ಒಡೆಯುವುದುಂಟು. ಬೆಲ್ಲ ಹಾಕುವವರು ಅದನ್ನು ಬೇರೆಯೇ ಕರಗಿಸಿ, ಸೋಸಿ, ಪಾಯಸ ಉಗುರುಬೆಚ್ಚಗಾದ ಮೇಲೆ ಬೆರೆಸಬೇಕು.

ತಳ ಹಿಡಿದ ವಾಸನೆ ಬಂದರೆ ಕೆರೆಯಬೇಡಿ. ಮೇಲಿನದನ್ನು ಮೆಲ್ಲಗೆ ಬೇರೆ ಪಾತ್ರೆಗೆ ಬಗ್ಗಿಸಿ, ಮುಂದಿನ ಬೇಯಿಸುವಿಕೆ ಅದರಲ್ಲೇ ಆಗಲಿ. ಕೆರೆದರೆ ಸೀದ ರುಚಿ ಎಲ್ಲಕ್ಕೂ ಹರಡುತ್ತದೆ, ಏಲಕ್ಕಿ ಎಷ್ಟು ಸುರಿದರೂ ಅಡಗುವುದಿಲ್ಲ.

ಕೇರಳದ ಅಂಬಲಪ್ಪುಳ ಕೃಷ್ಣ ದೇವಸ್ಥಾನದ ಪಾಲ್ಪಾಯಸದ ನಸುಗೆಂಪು ಬಣ್ಣ ಬೇಕಿದ್ದರೆ ಇನ್ನಷ್ಟು ಹೊತ್ತು ಕಾಯಿಸಬೇಕು. ಬಹಳ ಹೊತ್ತು ಕಾದ ಹಾಲಿನ ಸಕ್ಕರೆ ಮತ್ತು ಪ್ರೋಟೀನ್ ಸೇರಿ ಆ ಬಣ್ಣ ಬರುತ್ತದೆ, ಬಣ್ಣದ ಪುಡಿಯಿಂದಲ್ಲ.

ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟರೆ ಮರುದಿನ ಗಟ್ಟಿಯಾಗಿರುತ್ತದೆ. ಸಡಿಲಿಸಲು ನೀರು ಬೇಡ, ಕಾಯಿಸಿದ ಬಿಸಿ ಹಾಲನ್ನೇ ಸ್ವಲ್ಪ ಸ್ವಲ್ಪ ಹಾಕಿ ಕದಡಿ.