ನಮ್ಮ ಓಣಿ ಹುಡುಗ ಆಡ್ತಾನ, ಬರ್ರಿ

ಬೆಳಗಾವಿಯ ಒಂದು ಸಣ್ಣ ಫುಟ್‌ಬಾಲ್ ಕ್ಲಬ್ಬಿಗೆ ನಾನು ಕಾರ್ಯದರ್ಶಿ. ಲೀಗ್‌ನ ಕೆಳಗಿನ ಡಿವಿಜನ್‌ನಲ್ಲಿ ಆಡುತ್ತೇವೆ. ಸಂಬಳದ ಆಟಗಾರರಿಲ್ಲ, ಸ್ವಂತ ಮೈದಾನವಿಲ್ಲ. ನಮಗಿದ್ದ ಆಸ್ತಿ ಒಂದೇ, ನೋಡಲು ಬರುವ ಜನ. ನಾನು ಆಡುತ್ತಿದ್ದ ಕಾಲಕ್ಕೆ ಟಿಳಕವಾಡಿಯ ಲೇಲೆ ಮೈದಾನದಲ್ಲಿ ಮ್ಯಾಚ್ ಇದ್ದರೆ ಗೆರೆಯ ಪಕ್ಕ ನಿಲ್ಲಲು ಜಾಗ ಹುಡುಕಬೇಕಿತ್ತು. ಆಮೇಲೆ ಆ ಜನ ಕರಗುತ್ತಾ ಬಂದರು. ಕೊನೆಗೆ ಉಳಿದವರು ಎರಡೂ ತಂಡದ ರಿಸರ್ವ್ ಹುಡುಗರು, ಯಾರದೋ ತಮ್ಮ, ಒಬ್ಬ ಚಹಾದವನು. ಕರಗಿಹೋದ ಆ ಜನರನ್ನು ವಾಪಸ್ ಕರೆತರಲು ಏನೇನು ಮಾಡಿದೆವು ಅನ್ನೋದನ್ನು ಬರೆಯುತ್ತಿದ್ದೇನೆ. ಬೇರೆ ಊರಿನ ಸಣ್ಣ ಕ್ಲಬ್‌ಗಳಿಗೂ ಉಪಯೋಗ ಆಗಲಿ.

ಜನ ಯಾಕೆ ಬರಲ್ಲ ಎಂದು ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ. ಟಿವಿ, ಮೊಬೈಲ್. ಇದರಲ್ಲಿ ಸುಳ್ಳಿಲ್ಲ. ಶನಿವಾರ, ರವಿವಾರ ಸಂಜೆ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಇರುತ್ತದೆ. 2014ರಿಂದ ನಮ್ಮ ದೇಶದ್ದೇ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಕೂಡ ಇದೆ. ಇಂಗ್ಲೆಂಡಿನವರಿಗೆ ಈ ಸಂಕಟ ಮೊದಲೇ ಗೊತ್ತಿತ್ತು. 1960ರ ದಶಕದಲ್ಲಿ ಬರ್ನ್ಲಿ ಕ್ಲಬ್ಬಿನ ಅಧ್ಯಕ್ಷ ಬಾಬ್ ಲಾರ್ಡ್ ಇದಕ್ಕಾಗಿ ಹಟ ಹಿಡಿದರು. ದೊಡ್ಡ ಮ್ಯಾಚ್ ಟಿವಿಯಲ್ಲಿ ಬಂದರೆ ಸಣ್ಣ ಕ್ಲಬ್‌ಗಳ ಗೇಟ್ ಖಾಲಿಯಾಗುತ್ತದೆ ಎಂಬುದು ಅವರ ವಾದ. ಶನಿವಾರ ಮಧ್ಯಾಹ್ನ 2.45ರಿಂದ 5.15ರವರೆಗೆ ಅಲ್ಲಿ ಫುಟ್‌ಬಾಲ್ ನೇರ ಪ್ರಸಾರ ಇಲ್ಲ ಎಂಬ ನಿಯಮ ಬಂದದ್ದು ಹೀಗೆ. ಆ ಹೊತ್ತಿಗೆ ನಡೆಯುವ ಮ್ಯಾಚನ್ನು ಬರ್ನ್ಲಿಯವನು ಮನೆಯಲ್ಲಿ ಕೂತು ನೋಡುವ ಹಾಗಿಲ್ಲ. ನಮ್ಮ ಬೆಳಗಾವಿ ಶಹಾಪುರದ ಹುಡುಗ ನೋಡಬಹುದು!

ಆದರೆ ಟಿವಿಯನ್ನು ಬೈದು ಕೂತರೆ ನಮ್ಮ ಕೈಯಲ್ಲಿ ಕೆಲಸವೇ ಉಳಿಯುವುದಿಲ್ಲ. ಹಾಗಾಗಿ ಹಳೆಯ ಪ್ರೇಕ್ಷಕರ ಮನೆಗಳಿಗೇ ಹೋಗಿ ಕೇಳೋಣ ಎಂದು ಹೊರಟೆ. ಕ್ಯಾಂಪ್, ವಡಗಾಂವ, ಶಹಾಪುರ, ಅನಗೋಳ, ಎಲ್ಲ ಕಡೆ ಹೋದೆ. ಇಲ್ಲೊಂದು ವಿಷಯ ಕಲಿತೆ. "ಯಾಕೆ ಬರ್ತಿಲ್ಲ?" ಎಂದು ಕೇಳಿದರೆ ಜನ "ಟೈಮ್ ಸಿಗಂಗಿಲ್ಲ" ಎಂದು ಮುಗಿಸುತ್ತಾರೆ. "ನೀವು ಕಡೀಕ ನೋಡಿದ ಮ್ಯಾಚ್ ಯಾವುದ್ರಿ?" ಎಂದು ಕೇಳಿದರೆ ಕಥೆ ಶುರುವಾಗುತ್ತದೆ. ಯಾರು ಆಡಿದರು, ಯಾರು ಪೆನಾಲ್ಟಿ ತಪ್ಪಿಸಿದರು, ಮಳೆಯಲ್ಲಿ ಚೆಂಡು ಹೇಗೆ ಕೆಸರಿಗೆ ಸಿಕ್ಕಿಕೊಂಡಿತು, ಎಲ್ಲ ನೆನಪಿದೆ ಅವರಿಗೆ. ಅಭಿಮಾನ ಎಲ್ಲಿಗೂ ಹೋಗಿಲ್ಲ.

ವಡಗಾಂವದ ಒಬ್ಬ ನೇಕಾರ ಕಾಕಾ ಹೇಳಿದ ಮಾತು ನನಗೆ ಎಲ್ಲಕ್ಕಿಂತ ಹೆಚ್ಚು ನಾಟಿತು. ನಮ್ಮ ಹಳೆಯ ಲೆಫ್ಟ್ ವಿಂಗರ್ ಅವರ ಮನೆ ಎದುರಿನ ಹುಡುಗ. ಅವನು ಕೆಲಸಕ್ಕೆಂದು ದುಬೈಗೆ ಹೋದ. ಅವತ್ತಿನಿಂದ ಕಾಕಾ ಮೈದಾನಕ್ಕೆ ಬಂದಿಲ್ಲ. "ನಾ ಏನ್ ಕ್ಲಬ್ ನೋಡಾಕ ಬರ್ತಿದ್ನಿ ಏನ್ ತಮ್ಮಾ? ಅವನ ಆಟ ನೋಡಾಕ ಬರ್ತಿದ್ನಿ. ಈಗ ಆಡೋರು ಯಾರ್ ಅದಾರ? ಒಬ್ಬನ ಹೆಸರರ ಗೊತ್ತೈತೇನ ನಮಗ?"

ಇದೇ ಮಾತನ್ನು ಬೇರೆ ಬೇರೆ ಮನೆಗಳಲ್ಲಿ ಬೇರೆ ಬೇರೆ ರೀತಿಯಲ್ಲಿ ಕೇಳಿದೆ. ಟೂರ್ನಮೆಂಟ್ ಗೆಲ್ಲಬೇಕು ಎಂದು ಹೊರಗಿನಿಂದ ಆಟಗಾರರನ್ನು ಕರೆಸುವ ರೂಢಿ ಬೆಳೆದಿತ್ತು. ಗೋವಾದಿಂದ ಇಬ್ಬರು, ಕೊಲ್ಹಾಪುರದಿಂದ ಇಬ್ಬರು. ಒಳ್ಳೆಯ ಆಟಗಾರರೇ. ಮ್ಯಾಚ್ ಮುಗಿದ ರಾತ್ರಿ ಬಸ್ ಹತ್ತಿ ಹೋಗುತ್ತಿದ್ದರು. ನಮ್ಮ ಓಣಿಯ ಹುಡುಗರು ಬೆಂಚಿನ ಮೇಲೆ ಕೂತು ಮನೆಗೆ ಬರುತ್ತಿದ್ದರು. ಅವರ ಅಪ್ಪ, ಅಣ್ಣ, ಗೆಳೆಯರು ಬರುವುದನ್ನು ನಿಲ್ಲಿಸಿದ್ದರಲ್ಲಿ ಆಶ್ಚರ್ಯವೇನಿದೆ?

ಕಮಿಟಿಯಲ್ಲಿ ಇದನ್ನು ಇಟ್ಟಾಗ ವಾದ ಜೋರಾಯಿತು. "ಗೆದ್ದರ ಮಂದಿ ತಾವಾಗೇ ಬರ್ತಾರ" ಅನ್ನುವವರೇ ಜಾಸ್ತಿ. ಅವರಿಗೆ ನಾನು ಕೊಟ್ಟ ಉದಾಹರಣೆ ಪಕ್ಕದ ಗೋವಾದ್ದು. ಡೆಂಪೊ ಕ್ಲಬ್ ನ್ಯಾಷನಲ್ ಲೀಗ್, ಆಮೇಲೆ ಅದರ ಜಾಗಕ್ಕೆ ಬಂದ ಐ-ಲೀಗ್ ಎರಡೂ ಸೇರಿ 5 ಸಲ ದೇಶದ ಚಾಂಪಿಯನ್. ಮಡಗಾಂವದ ಫಾತೋರ್ಡಾ ಕ್ರೀಡಾಂಗಣದಲ್ಲಿ ಅವರ ಆಟ ನೋಡಲು ಲೋಂಡಾ ಮೇಲಿನ ರೈಲು ಹಿಡಿದು ನಾವು ಹೋಗುತ್ತಿದ್ದೆವು. ಅಂಥ ತಂಡ ಆಡುವಾಗಲೂ ಸುತ್ತ ಖಾಲಿ ಸೀಟು ನೋಡಿದ್ದೇನೆ. 2016ರಲ್ಲಿ ಡೆಂಪೊ, ಸಾಲ್ಗಾಂವ್ಕರ್, ಸ್ಪೋರ್ಟಿಂಗ್ ಕ್ಲಬ್ ದಿ ಗೋವಾ ಮೂರೂ ಐ-ಲೀಗ್ ಬಿಟ್ಟು ಹೊರಬಂದವು. ಅವರು ಬಿಟ್ಟ ಕಾರಣ ಬೇರೆ, ಐಎಸ್‌ಎಲ್ ಅನ್ನು ಮೇಲಿಟ್ಟು ಉಳಿದ ಕ್ಲಬ್‌ಗಳನ್ನು ಕೆಳಗಿಡುವ ಯೋಜನೆಗೆ ವಿರೋಧ. ಆದರೆ ಕಪ್ ಗೆಲ್ಲುವುದರಿಂದಲೇ ಜನ ತುಂಬುವುದಿಲ್ಲ ಎಂಬುದಕ್ಕೆ ಫಾತೋರ್ಡಾದ ಆ ಖಾಲಿ ಸೀಟುಗಳೇ ನನಗೆ ಸಾಕ್ಷಿ.

ಇನ್ನೊಂದು ಕಡೆ ಕೊಲ್ಹಾಪುರ ಇದೆ. ನಮ್ಮಿಂದ ಹೈವೇ ಮೇಲೆ ನೂರು ಕಿಲೋಮೀಟರ್‌ಗಿಂತ ಸ್ವಲ್ಪ ದೂರ ಅಷ್ಟೇ. ಅಲ್ಲಿನ ತಂಡಗಳ ಹೆಸರು ಕೇಳಿ: ಪಾಟಾಕಡೀಲ ತಾಲೀಮ್, ದಿಲಬಹಾರ ತಾಲೀಮ್, ಖಂಡೋಬಾ ತಾಲೀಮ್, ಬಾಲಗೋಪಾಲ ತಾಲೀಮ್. ತಾಲೀಮ್ ಅಂದರೆ ಕುಸ್ತಿಯ ಗರಡಿ. ಗರಡಿಗಳೇ ಫುಟ್‌ಬಾಲ್ ತಂಡ ಕಟ್ಟಿವೆ. ಒಂದೊಂದು ಪೇಟೆಗೆ ಒಂದೊಂದು ತಂಡ. ಶಾಹೂ ಸ್ಟೇಡಿಯಂನಲ್ಲಿ ಎರಡು ತಾಲೀಮುಗಳ ಮ್ಯಾಚ್ ಇದ್ದರೆ ಸಾವಿರಾರು ಜನ. ಐಎಸ್‌ಎಲ್ ಅಲ್ಲ, ಐ-ಲೀಗ್ ಅಲ್ಲ, ಊರೊಳಗಿನ ಲೀಗ್!

ನಮ್ಮ ಹುಡುಗರನ್ನು ಕರೆದುಕೊಂಡು ಅಲ್ಲಿಗೆ ಹೋದೆ. ಆಟ ನೋಡುವುದಕ್ಕಿಂತ ಜನರನ್ನು ನೋಡಿ ಎಂದು ಅವರಿಗೆ ಹೇಳಿದ್ದೆ. ಪಕ್ಕದಲ್ಲಿ ಕೂತವರು ಆಟಗಾರರನ್ನು ಮನೆಯ ಹೆಸರಿನಿಂದ ಕರೆಯುತ್ತಿದ್ದರು. ತಪ್ಪು ಪಾಸ್ ಕೊಟ್ಟರೆ ಬೈಗುಳ ಕೂಡ ಮನೆಯವರ ಬೈಗುಳ. ಅಲ್ಲಿ ಕೆಲವೊಮ್ಮೆ ಜಗಳ, ಕಲ್ಲು ತೂರಾಟ ಆಗುತ್ತದೆ, ಅದು ನಮಗೆ ಬೇಡ. ಆದರೆ ಆ ಹತ್ತಿರದ ಸಂಬಂಧ ಬೇಕು ಅನ್ನಿಸಿತು. ವಾಪಸ್ ಬರುವಾಗ ಸಂಕೇಶ್ವರ ದಾಟುವವರೆಗೂ ಹುಡುಗರು ಇದನ್ನೇ ಮಾತಾಡಿದರು.

ಆ ಮೇಲೆ ಕಮಿಟಿ ಒಪ್ಪಿತು. ಹನ್ನೊಂದು ಜನರಲ್ಲಿ ಬಹುಪಾಲು ನಮ್ಮ ಓಣಿಗಳವರೇ ಇರಬೇಕು, ಹೊರಗಿನವರು ಬಂದರೂ ಇಡೀ ಸೀಸನ್ ನಮ್ಮ ಜೊತೆ ಪ್ರ್ಯಾಕ್ಟೀಸ್ ಮಾಡುವವರು ಮಾತ್ರ. ಮೊದಲ ಸೀಸನ್‌ನಲ್ಲಿ ಸೋಲು ಜಾಸ್ತಿಯಾಯಿತು. ಆದರೆ ಸೋತ ಮ್ಯಾಚುಗಳಿಗೆ ಹಿಂದಿನ ವರ್ಷ ಗೆದ್ದ ಮ್ಯಾಚುಗಳಿಗಿಂತ ಹೆಚ್ಚು ಜನ ಬಂದಿದ್ದರು. ಇದನ್ನು ಕಣ್ಣಾರೆ ಕಂಡ ಮೇಲೆ ನಮ್ಮ ಖಜಾಂಚಿ ಹೊರಗಿನ ಆಟಗಾರರ ಮಾತು ಎತ್ತಲಿಲ್ಲ.

ಎರಡನೆಯದು ಮೈಕ್. ಇದನ್ನು ಕುಸ್ತಿಯಿಂದಲೇ ತಂದೆವು. ನಮ್ಮೂರಿನ ಆನಂದವಾಡಿ ಆಖಾಡಾದಲ್ಲಿ ಕುಸ್ತಿ ನೋಡಿದವರಿಗೆ ಗೊತ್ತು, ಪೈಲ್ವಾನ ಕಣಕ್ಕೆ ಇಳಿಯುವ ಮೊದಲೇ ಮೈಕಿನವನು ಅವನ ಊರು, ತಾಲೀಮು, ವಸ್ತಾದನ (ಗುರುವಿನ) ಹೆಸರು ಎಲ್ಲ ಹೇಳಿರುತ್ತಾನೆ. ಹಲಗಿ ಬಡಿಯುತ್ತಿರುತ್ತದೆ. ಹಿಡಿತ ಬೀಳುವ ಮೊದಲೇ ಜನ ಒಂದು ಪಕ್ಷ ಹಿಡಿದಾಗಿರುತ್ತದೆ. ಫುಟ್‌ಬಾಲ್‌ನಲ್ಲಿ ನಾವು ಸುಮ್ನೆ ಸೀಟಿ ಊದಿ ಶುರು ಮಾಡುತ್ತಿದ್ದೆವು. ಜರ್ಸಿ ನಂಬರ್ ಬಿಟ್ಟರೆ ನೋಡುವವನಿಗೆ ಏನೂ ಗೊತ್ತಿಲ್ಲ.

ಈಗ ನಮ್ಮಲ್ಲೂ ಒಬ್ಬರು ಮೈಕ್ ಹಿಡಿಯುತ್ತಾರೆ. ನಿವೃತ್ತ ಪಿಟಿ ಮಾಸ್ತರು, ಕನ್ನಡ, ಮರಾಠಿ, ಉರ್ದು, ಕೊಂಕಣಿ ನಾಲ್ಕೂ ಬರುತ್ತವೆ. ಬೆಳಗಾವಿಯ ಮೈದಾನದಲ್ಲಿ ಒಂದೇ ಭಾಷೆಯಲ್ಲಿ ಮಾತಾಡಿದರೆ ಅರ್ಧ ಮೈದಾನ ನಮ್ಮದಲ್ಲ ಅನ್ನಿಸುತ್ತದೆ. ಪ್ರತಿ ಆಟಗಾರನಿಗೂ ನಾನು ಎರಡು ಸಾಲು ಬರೆದುಕೊಡುತ್ತೇನೆ. ಯಾವ ಓಣಿ, ಯಾರ ಮಗ, ಏನು ಕೆಲಸ. "ಉದ್ಯಮಬಾಗದ ಫೌಂಡ್ರಿಯಲ್ಲಿ ಮೊದಲ ಪಾಳಿ ಮುಗಿಸಿ ಬಂದ ಹುಡುಗ. ಇವರ ಅಪ್ಪ ಇದೇ ಗೋಲ್ ಕಂಬದ ಮುಂದೆ ಕೀಪರ್ ಆಗಿ ನಿಂತವರು." ಇಷ್ಟು ಹೇಳಿದರೆ ಸಾಕು, ಗೋಲ್ ಬಿಟ್ಟರೂ ಅವನನ್ನು ಹುರಿದುಂಬಿಸುವವರು ಸಿಗುತ್ತಾರೆ. ಒಂದು ಎಚ್ಚರಿಕೆ: ಬರೆಯುವ ಮೊದಲು ಹುಡುಗನನ್ನೇ ಕೇಳಬೇಕು. ಕೆಲವರಿಗೆ ಮನೆಯ ವಿಷಯ ಮೈಕಿನಲ್ಲಿ ಬರುವುದು ಬೇಡ.

ಕರೆಯುವ ರೀತಿಯೂ ಬದಲಾಯಿತು. ಮೊದಲು ಕ್ಲಬ್ಬಿನ ವಾಟ್ಸ್ಆ್ಯಪ್ ಗ್ರೂಪಿಗೆ ಒಂದು ಪೋಸ್ಟರ್ ಹಾಕಿ ಸುಮ್ಮನಾಗುತ್ತಿದ್ದೆವು. ಈಗ ಗುರುವಾರ ರಾತ್ರಿ ಆಟಗಾರರೇ ತಮ್ಮ ಓಣಿಯವರಿಗೆ ದನಿಯಲ್ಲಿ ಕಳಿಸುತ್ತಾರೆ. "ಕಾಕಾ, ರವಿವಾರ ನಾಕೂವರಿಗೆ ಮ್ಯಾಚ್ ಐತ್ರಿ. ನಾ ಆಡಾಕತ್ತೇನ್ರಿ, ಬರ್ರಿ." ಪೋಸ್ಟರ್ ನೋಡಿ ಯಾರೂ ಮಾತು ಕೊಡುವುದಿಲ್ಲ. ಇದಕ್ಕೆ "ಬರ್ತೇನಪಾ" ಅಂದವರು ಬಂದೇ ಬರುತ್ತಾರೆ.

2018ರ ಜೂನ್‌ನಲ್ಲಿ ಆಗಿನ ಭಾರತ ತಂಡದ ನಾಯಕ ಸುನಿಲ್ ಛೆಟ್ರಿ ಮಾಡಿದ್ದೂ ಇದನ್ನೇ ಅಲ್ವಾ? ಮುಂಬೈಯಲ್ಲಿ ಚೈನೀಸ್ ತೈಪೆ ವಿರುದ್ಧ ಭಾರತ 5-0ಯಿಂದ ಗೆದ್ದಿತ್ತು, ಛೆಟ್ರಿ ಹ್ಯಾಟ್ರಿಕ್ ಹೊಡೆದಿದ್ದರು. ನೋಡಲು ಬಂದವರು ಎರಡೂವರೆ ಸಾವಿರದಷ್ಟು. ಮರುದಿನ ಅವರು ಒಂದು ವಿಡಿಯೊದಲ್ಲಿ ಕೈಮುಗಿದು ಕೇಳಿದರು, ಬೈಯಲಿಕ್ಕಾದರೂ ಬನ್ನಿ ಎಂದು. ಕೀನ್ಯಾ ವಿರುದ್ಧದ ಮುಂದಿನ ಮ್ಯಾಚಿನ ಟಿಕೆಟ್ ಪೂರ್ತಿ ಖಾಲಿ. ಅದು ಅವರ 100ನೇ ಅಂತರರಾಷ್ಟ್ರೀಯ ಪಂದ್ಯ. ಆಡುವವನೇ ಬಾಯಿಬಿಟ್ಟು ಕರೆದರೆ ಜನ ಬರುತ್ತಾರೆ. ಆದರೆ ನಾವು ಪ್ರತಿ ರವಿವಾರ ಕರೆಯಬೇಕು. ದೊಡ್ಡ ಮನವಿ ಒಂದು ಸಲ ನಡೆಯುತ್ತದೆ, ಪ್ರತಿ ವಾರ ನಡೆಯುವುದು ಪರಿಚಯದ ಕರೆ ಮಾತ್ರ.

ಇನ್ನು ಸಮಯ. ನಾಲ್ಕೂವರೆ ಅಂದರೆ ನಾಲ್ಕೂವರೆ. ಅತಿಥಿ ಬಂದಿಲ್ಲ, ಹಾರ ಬಂದಿಲ್ಲ, ಎದುರು ತಂಡದ ಕೀಪರ್ ಎರಡನೇ ರೈಲ್ವೆ ಗೇಟಿನಲ್ಲಿ ಸಿಕ್ಕಿಕೊಂಡಿದ್ದಾನೆ, ಹೀಗೆ ಒಂದು ಗಂಟೆ ಕಾಯಿಸಿದರೆ ಮನೆಯಲ್ಲಿ ಹೇಳಿ ಬಂದವನು ಮುಂದಿನ ವಾರ ಬರುವುದಿಲ್ಲ. ನಮ್ಮ ಮ್ಯಾಚುಗಳಿಗೆ ಉದ್ಘಾಟನೆ, ಭಾಷಣ ಎರಡೂ ತೆಗೆದೆವು. ಅತಿಥಿಗಳನ್ನು ಹಾಫ್ ಟೈಮ್‌ಗೆ ಕರೆಯುತ್ತೇವೆ, ಆಟಗಾರರ ಕೈ ಕುಲುಕಿ ಕೂರುತ್ತಾರೆ.

ಸೀಸನ್ ಪಟ್ಟಿ ಮಾಡುವಾಗ ಇಂಗ್ಲೆಂಡಿನ ಇನ್ನೊಂದು ಐಡಿಯಾ ಉಪಯೋಗಕ್ಕೆ ಬಂತು. ಅಲ್ಲಿ 2010ರಿಂದ ‘ನಾನ್-ಲೀಗ್ ಡೇ’ ನಡೆಯುತ್ತಿದೆ. ದೇಶ ದೇಶಗಳ ಪಂದ್ಯಗಳಿಗಾಗಿ ದೊಡ್ಡ ಲೀಗ್‌ಗಳು ಬಿಡುವು ಕೊಡುವ ವಾರ, ನಿಮ್ಮೂರ ಸಣ್ಣ ಕ್ಲಬ್ಬಿಗೆ ಹೋಗಿ ಎಂದು ಜನರನ್ನು ಕರೆಯುವ ದಿನ ಅದು. ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್‌ನಲ್ಲಿ ಈ ಬಿಡುವಿನ ವಾರಗಳು ಬರುತ್ತವೆ. ಸೆಪ್ಟೆಂಬರಿನಲ್ಲಿ ನಮ್ಮ ಮಳೆ ಬಿಟ್ಟಿರುವುದಿಲ್ಲ, ಉಳಿದ ಎರಡರಲ್ಲಿ ಮೈದಾನ ಒಣಗಿರುತ್ತದೆ. ಪಕ್ಕದ ಓಣಿಯ ತಂಡದ ಮೇಲಿನ ಮ್ಯಾಚನ್ನು ಆ ವಾರಕ್ಕೇ ಹಾಕಿ ಎಂದು ಆಯೋಜಕರನ್ನು ಬೆನ್ನುಬಿದ್ದು ಕೇಳುತ್ತೇವೆ. ಕಾಲೇಜು ಹುಡುಗರು ಅವತ್ತು ಹಿಂಡು ಹಿಂಡಾಗಿ ಬರುತ್ತಾರೆ. ಮೈಮೇಲೆ ಆರ್ಸೆನಲ್, ಬಾರ್ಸಾ ಜರ್ಸಿ, ಬಾಯಲ್ಲಿ ನಮ್ಮ ಸ್ಟ್ರೈಕರ್ ಹೆಸರು. ನನಗೆ ಅಷ್ಟು ಸಾಕು.

ಕೂರುವ ಜಾಗದ ಬಗ್ಗೆಯೂ ಹೇಳಬೇಕು. ಜನ ಮೊದಲಿನಿಂದ ಪೂರ್ವದ ಕಡೆ ಕೂರುತ್ತಿದ್ದರು, ಗೇಟು ಅಲ್ಲಿದೆ ಅನ್ನುವ ಒಂದೇ ಕಾರಣಕ್ಕೆ. ಸಂಜೆ ಬಿಸಿಲು ನೇರ ಕಣ್ಣಿಗೆ. ವಯಸ್ಸಾದವರು ಕೈ ಅಡ್ಡ ಹಿಡಿದು ಎಷ್ಟು ಹೊತ್ತು ನೋಡುತ್ತಾರೆ? ಪಶ್ಚಿಮದ ಕಡೆ ಮರಗಳ ನೆರಳಿತ್ತು, ಅಲ್ಲಿ ತಂಡಗಳ ಬೆಂಚು ಹಾಕುತ್ತಿದ್ದೆವು. ಬೆಂಚುಗಳನ್ನು ಈ ಕಡೆ ತಂದು, ಮಂದಿಯನ್ನು ಆ ಕಡೆ ಕಳಿಸಿದೆವು. ಖರ್ಚು ಏನೂ ಇಲ್ಲ. ಚಹಾ, ಮಿರ್ಚಿ ಭಜಿ ಗಾಡಿಯೂ ಅಲ್ಲಿಗೇ ಹೋಯಿತು.

ಟಿಕೆಟ್ ಇಡೋಣ ಎಂದು ಈಗ ಕಮಿಟಿಯಲ್ಲಿ ಕೆಲವರು ಹೇಳುತ್ತಿದ್ದಾರೆ. ಹತ್ತು ರೂಪಾಯಿ ಆದರೂ ಆಗಲಿ ಅನ್ನುತ್ತಾರೆ. ಮೈದಾನದ ಬಾಡಿಗೆ, ರೆಫ್ರಿ ಫೀ, ಚೆಂಡು ಎಲ್ಲಕ್ಕೂ ದುಡ್ಡು ಬೇಕು, ನಿಜ. ನಾನು ಒಪ್ಪಿಲ್ಲ. ಹತ್ತು ರೂಪಾಯಿ ದೊಡ್ಡದಲ್ಲ, ಆದರೆ ಗೇಟಿನಲ್ಲಿ ಒಬ್ಬ ತಡೆದು ನಿಲ್ಲಿಸುತ್ತಾನಲ್ಲ, ಅದು ದೊಡ್ಡದು. ಕೆಲಸ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ಸೈಕಲ್ ನಿಲ್ಲಿಸಿ ಹತ್ತು ನಿಮಿಷ ನೋಡುವವನೇ ಮುಂದೆ ನಮ್ಮ ಖಾಯಂ ಪ್ರೇಕ್ಷಕ ಆಗುವುದು. ಅವನು ಗೇಟಿನಿಂದಲೇ ಹೋಗಿಬಿಡುತ್ತಾನೆ. ಅದರ ಬದಲು ಕುಸ್ತಿಯ ಇನಾಮಿನ ಪದ್ಧತಿ ತಂದಿದ್ದೇವೆ. ಯಾರಾದರೂ ಒಂದು ಮ್ಯಾಚಿನ ಚೆಂಡು ಕೊಡಿಸುತ್ತಾರೆ, ಯಾರಾದರೂ ರೆಫ್ರಿ ಫೀ. ಮೈಕಿನಲ್ಲಿ ಅವರ ಹೆಸರು ಬರುತ್ತದೆ. ಚೆಂಡು ಕೊಟ್ಟವರು ಅವತ್ತು ಮನೆಮಂದಿಯನ್ನೆಲ್ಲ ಕರೆದುಕೊಂಡು ಬರುತ್ತಾರೆ.

ಹೆಣ್ಣುಮಕ್ಕಳು ಬರುವುದು ಮಾತ್ರ ಇನ್ನೂ ಕಷ್ಟವಾಗಿಯೇ ಇದೆ. ನಮ್ಮ ಹಾಫ್ ಬ್ಯಾಕ್‌ನ ತಾಯಿ ಕೇಳಿದರು, "ನಾವು ಬಂದ್ರ ಎಲ್ಲಿ ಕುಂಡ್ರೂದ್ರಿ ಸರ್? ನಡಕ ಎಲ್ಲಿ ಹೋಗೂದ್ರಿ?" ಕೂರಲು ಮರದ ಕೆಳಗೆ ಜಮಖಾನೆ ಹಾಸಿದೆವು. ಶೌಚಾಲಯಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಈ ಸೀಸನ್‌ನಲ್ಲಿ ಮೈದಾನದ ಎದುರು ಮನೆಯ ಕಾಕು ರವಿವಾರ ತಮ್ಮ ಹಿತ್ತಲ ಬಾಗಿಲು ತೆರೆದಿಡುತ್ತಿದ್ದಾರೆ. ಅದರಿಂದ ಕೆಲವು ತಾಯಂದಿರು, ಅಕ್ಕ-ತಂಗಿಯರು ಬರತೊಡಗಿದ್ದಾರೆ. ಪ್ರತಿ ವಾರ ಒಬ್ಬರ ಮನೆಗೆ ಅಷ್ಟು ಜನ ಹೋಗುವುದು ಸರಿಯಲ್ಲ. ಒಂದು ಸರಿಯಾದ ಶೌಚಾಲಯ ಬೇಕೇ ಬೇಕು. ಅರ್ಜಿ ಬರೆದಿದ್ದೇನೆ, ಅದರ ಕೆಳಗೆ ಆಟಗಾರರ ತಾಯಂದಿರ ಸಹಿ ಹಾಕಿಸುವ ಕೆಲಸ ಈಗ ನಡೆದಿದೆ.