ದೂರದಲ್ಲಿದ್ದುಕೊಂಡು ಊರಿಗೆ ಹೂ ಕಳಿಸುವುದು: ನನ್ನ ಅನುಭವ

ನಾನಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಅಪ್ಪ ಅಮ್ಮ ಮೈಸೂರಿನಲ್ಲಿ, ಚಿಕ್ಕಮ್ಮ ಉಡುಪಿಯಲ್ಲಿ. ಹುಟ್ಟಿದಹಬ್ಬ, ಮದುವೆಯ ದಿನ, ಗೃಹಪ್ರವೇಶ ಅಂತ ವರ್ಷವಿಡೀ ಏನಾದರೂ ಒಂದು ಇದ್ದೇ ಇರುತ್ತದೆ. ಸೀರೆ ಕಳಿಸಿದರೆ ಅಮ್ಮ ಬೀರುವಿನಲ್ಲಿಟ್ಟು ಬೀಗ ಹಾಕುತ್ತಾಳೆ. ಚಾಕೊಲೇಟ್ ಕಳಿಸಿದರೆ ಅಪ್ಪನ ಶುಗರ್ ನೆನಪಾಗುತ್ತದೆ. ಹೂವಿಗೆ ಆ ರಗಳೆ ಇಲ್ಲ. ಬಂದ ದಿನವೇ ಮುಡಿಯಬೇಕು, ದೇವರಿಗಿಡಬೇಕು, ಪಕ್ಕದ ಮನೆಯವರಿಗೂ ಒಂದು ತುಂಡು ಕೊಡಬೇಕು. ಹಾಗಾಗಿ ನಾನು ಹೂ ಕಳಿಸುವುದೇ ಜಾಸ್ತಿ.

ಶುರುವಿನಲ್ಲಿ ಎಲ್ಲರ ಹಾಗೆ ನಾನೂ ಇಂಟರ್ನೆಟ್ಟಿನಲ್ಲೇ ಆರ್ಡರ್ ಮಾಡುತ್ತಿದ್ದೆ. ಚಿತ್ರ ನೋಡು, ಒತ್ತು, ಕಾರ್ಡಿನಲ್ಲಿ ದುಡ್ಡು ಕಟ್ಟು. ಹೋಗಿ ಮುಟ್ಟುತ್ತಿದ್ದದ್ದು ಬೇರೆಯೇ. ಒಂದು ಸಲವಂತೂ ಚಿತ್ರದಲ್ಲಿ ಬಿಳಿ ಲಿಲ್ಲಿ, ಮನೆಗೆ ಹೋದದ್ದು ಅರ್ಧ ಬಾಡಿದ ಜರ್ಬೆರಾ, ಸುತ್ತ ಹೊಳೆಯುವ ಪ್ಲಾಸ್ಟಿಕ್ ಕಾಗದ. ಕೇಳಿದರೆ, "ಲಭ್ಯತೆಗೆ ತಕ್ಕಂತೆ ಬದಲಾವಣೆ" ಅಂತ ಷರತ್ತಿನಲ್ಲೇ ಬರೆದಿದೆ ಅಂದರು. ಬರೆದಿತ್ತು, ನಿಜ.

ಇದು ಹೀಗೇಕೆ ಆಗುತ್ತದೆ ಅಂತ ಆಮೇಲೆ ಗೊತ್ತಾಯಿತು. ಇಂಥ ಎಷ್ಟೋ ಕಡೆ ಸ್ವಂತ ಅಂಗಡಿಯೇ ಇರುವುದಿಲ್ಲ. ಆರ್ಡರ್ ಹಿಡಿದು, ತಮ್ಮ ಪಾಲು ಇಟ್ಟುಕೊಂಡು, ಮಿಕ್ಕ ದುಡ್ಡಿಗೆ ಆ ಊರಿನ ಯಾವುದೋ ಹೂವಿನಂಗಡಿಗೆ ದಾಟಿಸುತ್ತಾರೆ. ಒಂದೂರಿನ ಅಂಗಡಿಯವರು ಇನ್ನೊಂದೂರಿನವರಿಗೆ ಆರ್ಡರ್ ಕಳಿಸುವ ಪದ್ಧತಿ ಹಳೆಯದೇ. 1910ರಲ್ಲೇ ಅಮೆರಿಕದ ಹೂವಿನ ವ್ಯಾಪಾರಿಗಳು ಸಂಘ ಕಟ್ಟಿಕೊಂಡು ತಂತಿ ಮೂಲಕ ಇದನ್ನು ಮಾಡುತ್ತಿದ್ದರು. ಆದರೆ ಅಲ್ಲಿ ಎರಡೂ ತುದಿಯಲ್ಲಿ ಹೂ ಗೊತ್ತಿದ್ದವರಿದ್ದರು. ಈಗ ಈ ತುದಿಯಲ್ಲಿ ಬರೀ ಚಿತ್ರ ಇರುತ್ತದೆ. ಸಾವಿರ ರೂಪಾಯಿ ಕೊಟ್ಟೆ ಅಂದುಕೊಂಡಿರುತ್ತೇವೆ. ಹೂ ಕಟ್ಟುವವನ ಕೈಗೆ ಎಷ್ಟು ಸೇರಿತೋ ಅಷ್ಟಕ್ಕೇ ಅವನು ಕಟ್ಟುತ್ತಾನೆ. ಅವನದೇನು ತಪ್ಪು, ಅಲ್ವಾ?

ಹಾಗಾಗಿ ನೇರವಾಗಿ ಊರಿನ ಅಂಗಡಿಯವರನ್ನೇ ಹಿಡಿದೆ. ಹುಡುಕಿದ ರೀತಿ ಸುಲಭದ್ದು. ಮೈಸೂರಿಗೆ ಹೋದಾಗ ಅಪ್ಪ ಅಮ್ಮನ ಮನೆಗೆ ಹತ್ತಿರದ ಬೊಕೆ ಅಂಗಡಿಗಳಿಗೆ ಸಂಜೆ ಹೊತ್ತು ಹೋಗಿ ನೋಡಿದೆ. ಬೆಳಿಗ್ಗೆ ಎಲ್ಲರ ಅಂಗಡಿಯೂ ಚೆನ್ನಾಗಿಯೇ ಕಾಣುತ್ತದೆ. ಸಂಜೆ ನೋಡಬೇಕು. ಬಕೆಟ್ಟಿನ ನೀರು ತಿಳಿಯಾಗಿದೆಯಾ, ಕಾಂಡ ಲೋಳೆ ಹಿಡಿದಿದೆಯಾ, ಬಾಡಿದ್ದನ್ನು ತೆಗೆದು ಬೇರೆ ಇಟ್ಟಿದ್ದಾರಾ ಅಂತ. ಗುಲಾಬಿಯನ್ನು ಬುಡದಲ್ಲಿ, ತೊಟ್ಟಿನ ಹತ್ತಿರ, ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಗಟ್ಟಿ ಇರಬೇಕು. ಮೆತ್ತಗಿದ್ದರೆ ಹಳೆಯದು. ಹೊರಗಿನ ದಳ ಕಿತ್ತು ಕಿತ್ತು ಹೊಸದರ ಹಾಗೆ ಮಾಡಿಟ್ಟಿದ್ದರೂ ಅಲ್ಲಿ ಗೊತ್ತಾಗಿಬಿಡುತ್ತದೆ.

ಹೋಗಿ ನೋಡಲು ಆಗದ ಊರಾದರೆ ಫೋನಿನಲ್ಲಿ ಒಂದೇ ಪ್ರಶ್ನೆ ಕೇಳುತ್ತೇನೆ. "ಇವತ್ತು ಏನು ಬಂದಿದೆ?" "ಎಲ್ಲಾ ಸಿಗುತ್ತೆ ಮೇಡಂ, ಯಾವ ಹೂ ಬೇಕಾದ್ರೂ" ಅಂದರೆ ಅದು ನಡುವಿನವರು ಅಂತಲೇ ಲೆಕ್ಕ. ನಿಜವಾದ ಅಂಗಡಿಯವರು ಹೆಸರು ಹಿಡಿದು ಹೇಳುತ್ತಾರೆ. ಇದು ಬಂದಿದೆ, ಅದು ಬಂದಿಲ್ಲ, ಇದು ಬಂದಿದೆ ಆದರೆ ಬೇಡ. ಮೈಸೂರಿನ ನನ್ನ ಅಂಗಡಿಯಣ್ಣನನ್ನು ಆರಿಸಿಕೊಂಡಿದ್ದೇ ಆ ಕೊನೆಯ ಮಾತಿಗೆ. "ಲಿಲ್ಲಿ ಇದೆ ಅಕ್ಕ, ಆದ್ರೆ ಪೂರ್ತಿ ಅರಳಿಬಿಟ್ಟಿದೆ, ನಾಳೆಗೆ ಉದುರುತ್ತೆ. ಕಾರ್ನೇಷನ್ ಹಾಕ್ಲಾ? ವಾರಕ್ಕಿಂತ ಜಾಸ್ತಿ ನಿಲ್ಲುತ್ತೆ." ಇರುವ ಮಾಲನ್ನು ಬೇಡ ಅನ್ನುವ ವ್ಯಾಪಾರಿ ಸಿಕ್ಕರೆ ಬಿಡಬಾರದು.

ಅವರ ಜೊತೆ ನನ್ನ ಲೆಕ್ಕ ಇಷ್ಟೇ. ಯಾರಿಗೆ, ಯಾಕೆ, ಎಷ್ಟು ದುಡ್ಡಿನಲ್ಲಿ ಅಂತ ಹೇಳುತ್ತೇನೆ. ಹೂ ಯಾವುದು ಅಂತ ಅವರೇ ನೋಡುತ್ತಾರೆ. ಕೆಂಪು ಬೇಡ, ಥರ್ಮಾಕೋಲ್ ಅಕ್ಷರ ಬೇಡ, ಮಿಂಚಿನ ಪುಡಿ ಬೇಡ ಅನ್ನುವುದು ಮಾತ್ರ ನನ್ನ ಕಡೆಯ ಷರತ್ತು. ಆ ಮಿಂಚಿನ ಪುಡಿ ಯಾರು ಕಂಡುಹಿಡಿದರೋ, ಒಂದು ವಾರ ಸೋಫಾ ಬಿಟ್ಟು ಹೋಗುವುದಿಲ್ಲ. ಕಟ್ಟಿದ ಮೇಲೆ ಒಂದು ಫೋಟೋ ವಾಟ್ಸಾಪ್ ಮಾಡುತ್ತಾರೆ. ಚೌಕಾಸಿ ಮಾಡುವುದಿಲ್ಲ. ಹತ್ತಿರ ನಿಂತು ಮಾಡಿದರೆ ಸರಿ, ಎಂಟು ಸಾವಿರ ಕಿಲೋಮೀಟರ್ ಆಚೆಯಿಂದ ಐವತ್ತು ರೂಪಾಯಿ ಇಳಿಸಿದರೆ ಆ ಐವತ್ತು ಹೂವಿನಲ್ಲೇ ಕಡಿಮೆಯಾಗುತ್ತದೆ.

ಸಮಯದ್ದೊಂದು ತಾಪತ್ರಯ ಇದೆ. ಬೇಸಿಗೆಯಲ್ಲಿ ಇಲ್ಲಿಗೂ ಅಲ್ಲಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ, ಚಳಿಗಾಲದಲ್ಲಿ ಐದೂವರೆ. ಹೂವಿನ ಕೆಲಸವೆಲ್ಲ ಬೆಳಗಿನ ಜಾವದ್ದು. ಮೈಸೂರಿನ ಬೆಳಗಿನ ಆರು ಗಂಟೆ ಅಂದರೆ ಇಲ್ಲಿ ಬೇಸಿಗೆಯಲ್ಲಿ ನಡುರಾತ್ರಿ ಒಂದೂವರೆ, ಚಳಿಗಾಲದಲ್ಲಿ ಹನ್ನೆರಡೂವರೆ. ಹಾಗಾಗಿ ಹಿಂದಿನ ಮಧ್ಯಾಹ್ನವೇ ವಾಯ್ಸ್ ಮೆಸೇಜ್ ಹಾಕಿಟ್ಟು ಮಲಗುತ್ತೇನೆ. ದುಡ್ಡನ್ನು ಎನ್‌ಆರ್‌ಓ ಖಾತೆಯಿಂದ, ಅಂದರೆ ಹೊರದೇಶದಲ್ಲಿರುವವರು ಭಾರತದಲ್ಲಿ ಇಟ್ಟುಕೊಳ್ಳುವ ಬ್ಯಾಂಕ್ ಖಾತೆಯಿಂದ, ಯುಪಿಐ ಮಾಡುತ್ತೇನೆ. ಈಗ ಬ್ರಿಟನ್ನಿನ ಮೊಬೈಲ್ ನಂಬರಿಗೂ ಅದನ್ನು ಜೋಡಿಸಿಕೊಡುವ ಬ್ಯಾಂಕುಗಳಿವೆ. ಮೊದಲು ತಮ್ಮನ ಕೈಲಿ ಕೊಡಿಸಿ, ಅವನಿಗೆ ಸಾಲಗಾರಳಾಗಿ ಇರುತ್ತಿದ್ದೆ.

ಆದರೆ ಅಮ್ಮನಿಗೆ ಬೊಕೆ ಅಂದರೆ ಅಷ್ಟಕ್ಕಷ್ಟೇ. "ಚೆನ್ನಾಗಿದೆ ಕಣೆ, ಆದ್ರೆ ಇದನ್ನ ಏನು ಮಾಡ್ಲಿ?" ಅಂತಾಳೆ. ದೇವರಿಗಿಡಲು ಬರುವುದಿಲ್ಲ, ಮುಡಿಯಲು ಬರುವುದಿಲ್ಲ, ಟೀವಿ ಪಕ್ಕ ಇಟ್ಟು ದಿನಾ ನೀರು ಬದಲಿಸಬೇಕು. ಅದಕ್ಕೇ ಅವಳಿಗೆ ಕಟ್ಟಿದ ಹೂ ಮತ್ತು ಬಿಡಿ ಹೂ. ಮಲ್ಲಿಗೆ ಎರಡು ಮಾರು, ಅದರ ಜೊತೆ ಕನಕಾಂಬರ ಮರುಗ ಸೇರಿಸಿ ಕಟ್ಟಿದ್ದು ಒಂದಿಷ್ಟು, ಬಿಡಿ ಸೇವಂತಿಗೆ ಕಾಲು ಕೆಜಿ, ತುಳಸಿ. ಇದಕ್ಕೆ ಬೊಕೆ ಅಂಗಡಿ ಆಗುವುದಿಲ್ಲ. ದೇವರಾಜ ಮಾರುಕಟ್ಟೆಯಲ್ಲಿ ಅಮ್ಮ ಬಹಳ ವರ್ಷದಿಂದ ಹೂ ತರುತ್ತಿದ್ದ ಹೂವಮ್ಮ ಒಬ್ಬರಿದ್ದಾರೆ. ಅವರ ಮಗನ ಹತ್ತಿರ ಸ್ಕೂಟರ್ ಇದೆ. ನನ್ನ ಡೆಲಿವರಿ ವ್ಯವಸ್ಥೆ ಅಂದರೆ ಅದೇ.

ಇಲ್ಲಿ ಹೊತ್ತು ನೋಡಿ ಕಳಿಸಬೇಕು. ಬಿಡಿ ಹೂ ಬೆಳಿಗ್ಗೆ ಪೂಜೆಗೆ ಮುಂಚೆ ಮುಟ್ಟಬೇಕು, ಹತ್ತು ಗಂಟೆಗೆ ಹೋದರೆ ನಾಳೆಗೆ ಅಂತ ಎತ್ತಿಡುತ್ತಾಳೆ. ಮಲ್ಲಿಗೆ ಮೊಗ್ಗಿನಲ್ಲೇ ಹೋಗಬೇಕು. ಸಂಜೆಗೆ ಅರಳುತ್ತದೆ, ಘಮ ಬರುವುದೇ ಆಗ. ಅರಳಿದ ಮಲ್ಲಿಗೆಯನ್ನು ಕಳಿಸಿದರೆ ಮುಟ್ಟುವಷ್ಟರಲ್ಲಿ ಕಂದು ತಿರುಗಿರುತ್ತದೆ. ಮೊಳ, ಮಾರು ಅನ್ನುವುದೆಲ್ಲ ಮಾರುವವರ ಕೈಯಳತೆ, ಅವರ ಕೈ ಗಿಡ್ಡವಾದರೆ ನಮ್ಮ ಹೂವೂ ಗಿಡ್ಡ. ನಾನು ಉದ್ದ ಕೇಳುವುದಿಲ್ಲ, ಒತ್ತಾಗಿ ಕಟ್ಟಿದ್ದು ಕೊಡಿ ಅನ್ನುತ್ತೇನೆ. ಚಳಿಗಾಲದಲ್ಲಿ ಮಲ್ಲಿಗೆ ಕಡಿಮೆ, ಸಿಕ್ಕರೂ ದುಬಾರಿ. ಆಗ ಹೂವಮ್ಮ ಕಾಕಡ ಕೊಡುತ್ತಾರೆ. ಅದಕ್ಕೆ ಘಮ ಇಲ್ಲ ಅಂತ ಅಮ್ಮ ಗೊಣಗುತ್ತಾಳೆ, ಆದರೂ ಮುಡಿಯುತ್ತಾಳೆ.

ಅಮ್ಮನ ಹುಟ್ಟಿದಹಬ್ಬ ಶ್ರಾವಣದಲ್ಲಿ ಬರುತ್ತದೆ. ಕೆಲವು ವರ್ಷ ವರಮಹಾಲಕ್ಷ್ಮಿ ಹಬ್ಬದ ಪಕ್ಕಕ್ಕೇ ಬಂದು ಕೂತುಬಿಡುತ್ತದೆ. ಆ ಎರಡು ಮೂರು ದಿನ ಹೂವಿನ ರೇಟು ಕೇಳುವ ಹಾಗಿಲ್ಲ. ದುಡ್ಡಿನ ಮಾತು ಹಾಗಿರಲಿ, ಹೂವಮ್ಮನಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಅಂಥ ವರ್ಷ ಹಬ್ಬ ಕಳೆದ ಮಾರನೆಯ ದಿನಕ್ಕೆ ಹೇಳುತ್ತೇನೆ. ರೇಟು ದಬ್ಬನೆ ಬಿದ್ದಿರುತ್ತದೆ, ಅವರಿಗೂ ಬಿಡುವಿರುತ್ತದೆ. ಆಯುಧಪೂಜೆಗೂ ಇದೇ ಕತೆ. ಫೆಬ್ರವರಿ 14ಕ್ಕೆ ಗುಲಾಬಿ ಕಳಿಸುವವರಿಗೂ ಇದನ್ನೇ ಹೇಳುತ್ತೇನೆ. ಹೊಸೂರು, ದೊಡ್ಡಬಳ್ಳಾಪುರದ ಕಡೆ ಪಾಲಿಹೌಸಿನಲ್ಲಿ ಬೆಳೆಯುವ ಒಳ್ಳೆ ಕೆಂಪು ಗುಲಾಬಿಯಲ್ಲಿ ಎಷ್ಟೋ ಪಾಲು ಆಗ ಹೊರದೇಶಕ್ಕೆ ಹೋಗುತ್ತದೆ. ಊರಲ್ಲಿ ಉಳಿದದ್ದಕ್ಕೆ ಹಬ್ಬದ ರೇಟು. 16ನೇ ತಾರೀಕು ಕಳಿಸಿ, ಪ್ರೀತಿ ಎಲ್ಲಿಗೂ ಹೋಗುವುದಿಲ್ಲ.

ಉಡುಪಿಯ ವ್ಯವಹಾರವೇ ಬೇರೆ. ಅಲ್ಲಿ ಮಲ್ಲಿಗೆ ಅಂದರೆ ಶಂಕರಪುರದ್ದು. ಉಡುಪಿ ಮಲ್ಲಿಗೆ ಅಂತ ಜಿಐ ಗುರುತೂ (ಇಂಥ ಊರಿನದೇ ಮಾಲು ಅನ್ನುವ ಅಧಿಕೃತ ಗುರುತು) ಇದೆ, ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆಗೆ ಇರುವ ಹಾಗೇ. ಮನೆಯ ಅಂಗಳದಲ್ಲಿ ಹೆಂಗಸರು ಬೆಳೆಸಿ, ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಕೊಡುತ್ತಾರೆ. ಲೆಕ್ಕ ಮೊಳದಲ್ಲಲ್ಲ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಟ್ಟೆಗೆ ಇಷ್ಟು ಅಂತ ದಿನಾ ರೇಟು ನಿಗದಿಯಾಗುತ್ತದೆ. ಹಾಗಾಗಿ ಇವತ್ತಿನ ರೇಟು ಇವತ್ತೇ ಗೊತ್ತಾಗುವುದು. ನಿನ್ನೆ ಕೇಳಿ ಇವತ್ತಿಗೆ ದುಡ್ಡು ಕಳಿಸಿದರೆ ಲೆಕ್ಕ ತಪ್ಪುತ್ತದೆ. ನಾನು "ಎರಡು ಚೆಂಡು, ರೇಟು ಎಷ್ಟಾದರೂ ಆಗಲಿ" ಅಂತ ಮೊದಲೇ ಹೇಳಿ, ಆಮೇಲೆ ದುಡ್ಡು ಹಾಕುತ್ತೇನೆ.

ಅಲ್ಲಿ ಹೂ ಮಾರುವವರಿಗೆ ನನ್ನ ಮೈಸೂರು ಕನ್ನಡ ಕೇಳಿದರೆ ಮೊದಮೊದಲು ನಗು. ಮಳೆಗಾಲದಲ್ಲಿ ಒಮ್ಮೆ ಫೋನ್ ಮಾಡಿದಾಗ, "ಹೂ ಉಂಟು ಮಾರಾಯ್ರೆ, ಆದ್ರೆ ಮಳೆಗೆ ನೆನೆದದ್ದು. ನಿಮ್ಮ ಚಿಕ್ಕಮ್ಮನಿಗೆ ಕೊಟ್ರೆ ನಂಗೆ ಬೈತಾರೆ" ಅಂದರು. ಅವತ್ತು ಜಾಜಿ ಹೋಯಿತು. ಚಿಕ್ಕಮ್ಮ ಖುಷಿಯಲ್ಲೇ ಇದ್ದರು.

ಆ ಚೆಂಡನ್ನು ಪ್ಯಾಕ್ ಮಾಡುವುದನ್ನು ನೋಡಬೇಕು. ಕಟ್ಟಿದ ಮಾಲೆಯನ್ನು ಸುರುಳಿ ಸುತ್ತಿ, ಬಾಳೆ ಎಲೆಯಲ್ಲಿಟ್ಟು, ನಾಲ್ಕೂ ಕಡೆಯಿಂದ ಮಡಚಿ, ಅದೇ ನಾರಿನಲ್ಲಿ ಬಿಗಿಯುತ್ತಾರೆ. ಗಾಳಿ ತಾಗುವುದಿಲ್ಲ, ನೀರೂ ನಿಲ್ಲುವುದಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿದರೆ ಒಳಗೆ ಬೆವರಿ ಕಪ್ಪಾಗುತ್ತದೆ. ಮೈಸೂರಿಗೂ ನಾನು ಬಾಳೆ ಎಲೆಯೇ ಬೇಕು ಅಂತ ಹಟ ಹಿಡಿಯುತ್ತೇನೆ. ಹೂವಮ್ಮನ ಮಗ "ಬೈಕಲ್ಲಿ ಐದೇ ನಿಮಿಷ ಅಕ್ಕ" ಅನ್ನುತ್ತಾನೆ. ಐದು ನಿಮಿಷವಾದರೂ ಎಲೆಯೇ.

ಬೊಕೆ ಎಲ್ಲಿಗೆ ಅಂದರೆ, ಗೃಹಪ್ರವೇಶಕ್ಕೆ, ನಿವೃತ್ತಿಗೆ, ಹೊಸ ಕೆಲಸಕ್ಕೆ, ಸ್ನೇಹಿತರಿಗೆ. ಆಸ್ಪತ್ರೆಗೆ ಕಳಿಸುವುದಿಲ್ಲ. ಐಸಿಯುನಲ್ಲಿ ಬಿಡುವುದಿಲ್ಲ, ವಾರ್ಡಿನಲ್ಲಿ ಇಡಲು ಜಾಗ ಇರುವುದಿಲ್ಲ, ನೋಡಿಕೊಳ್ಳುವವರಿಗೆ ಅದೊಂದು ಕೆಲಸ. ಮನೆಗೆ ಬಂದ ಮೇಲೆ ಕಳಿಸಿದರೆ ಆಯಿತು. ಬೆಕ್ಕಿರುವ ಮನೆಗೆ ಲಿಲ್ಲಿ ಬೇಡ, ಅದು ಬೆಕ್ಕಿಗೆ ವಿಷ. ಲಿಲ್ಲಿ ಕಳಿಸುವುದಾದರೆ ಮೊಗ್ಗು ಜಾಸ್ತಿ ಇರುವುದನ್ನು ಕೇಳುತ್ತೇನೆ. ಅರಳಿದಾಗ ನಡುವಿನ ಪರಾಗದ ಕಡ್ಡಿಗಳನ್ನು ಚಿವುಟಲು ಹೇಳುತ್ತೇನೆ, ಇಲ್ಲದಿದ್ದರೆ ಆ ಹಳದಿ ಬಟ್ಟೆಗೆ ತಾಗಿದರೆ ಹೋಗುವುದಿಲ್ಲ. ಬೊಕೆಯನ್ನು ಹಣ್ಣಿನ ಬುಟ್ಟಿ ಪಕ್ಕ ಇಡಬೇಡಿ ಅಂತಲೂ ಹೇಳುತ್ತೇನೆ. ಮಾಗುವ ಬಾಳೆಹಣ್ಣಿನಿಂದ ಬರುವ ಎಥಿಲೀನ್ ಅನಿಲಕ್ಕೆ ಹೂ ಬೇಗ ಬಾಡುತ್ತದೆ. ಅಪ್ಪನಿಗೆ ಇದು ನಂಬಿಕೆ ಬರಲಿಲ್ಲ. ಕಾರ್ನೇಷನ್ ಎರಡು ಭಾಗ ಮಾಡಿ ಒಂದನ್ನು ಬಾಳೆಗೊನೆ ಪಕ್ಕ ಇಟ್ಟು ನೋಡಿ, ಆಮೇಲೆ ಬೀದಿಗೆಲ್ಲ ಹೇಳಿಕೊಂಡು ಬಂದರು.

ಅಚಾನಕ್ ಉಡುಗೊರೆ ಅನ್ನುವುದರಲ್ಲಿ ನನಗೆ ಅಷ್ಟು ನಂಬಿಕೆ ಇಲ್ಲ. ಡೆಲಿವರಿಯವರು ಹೇಗೂ "ಮನೆ ಎಲ್ಲಿ ಸಾರ್, ನೀರಿನ ಟ್ಯಾಂಕ್ ಹತ್ತಿರ ಇದೀನಿ" ಅಂತ ಫೋನ್ ಮಾಡೇ ಮಾಡುತ್ತಾರೆ. ಮನೆಯವರು ಊರಲ್ಲಿ ಇಲ್ಲದಿದ್ದರೆ ಹೂ ಬಾಗಿಲಲ್ಲೇ ಒಣಗುತ್ತದೆ. ಮನೆಯಲ್ಲಿ ಒಬ್ಬರಿಗಾದರೂ ಹೇಳಿಟ್ಟಿರುತ್ತೇನೆ. ಚೀಟಿಯನ್ನು ಮಾತ್ರ ನಾನೇ ಬರೆಯುತ್ತೇನೆ. ಕನ್ನಡದಲ್ಲಿ ಟೈಪ್ ಮಾಡಿ ಕಳಿಸಿದ್ದು ಅಂಗಡಿಯ ಕಂಪ್ಯೂಟರಿನಲ್ಲಿ ಒತ್ತಕ್ಷರ ಎಲ್ಲ ಚೆಲ್ಲಾಪಿಲ್ಲಿಯಾಗಿ ಅಚ್ಚಾಗಿ ಬರುತ್ತಿತ್ತು. ಈಗ ಬಿಳಿ ಕಾಗದದಲ್ಲಿ ಪೆನ್ನಿನಲ್ಲಿ ಬರೆದು ಫೋಟೋ ಕಳಿಸುತ್ತೇನೆ, ಅವರು ಅದನ್ನೇ ಪ್ರಿಂಟ್ ತೆಗೆದು ಸಿಕ್ಕಿಸುತ್ತಾರೆ.

ಸಾವಿನ ಮನೆಗೂ ಇದೇ ಅಂಗಡಿಗಳಿಂದ ಕಳಿಸಿದ್ದೇನೆ. ಅಲ್ಲಿ ಬೊಕೆ ಅಲ್ಲ, ಹಾರ. ಫೋನಿನಲ್ಲಿ ವಿಷಯ ಹೇಳಿದರೆ ಸಾಕು, ಸುಗಂಧರಾಜದ ಹಾರ ಕಟ್ಟಿ, ಚೀಟಿ ಗೀಟಿ ಇಲ್ಲದೆ ಹೊತ್ತಿಗೆ ಸರಿಯಾಗಿ ಮುಟ್ಟಿಸುತ್ತಾರೆ. ಅವತ್ತು ಫೋಟೋ ಕಳಿಸುವುದಿಲ್ಲ, ನಾನೂ ಕೇಳುವುದಿಲ್ಲ. ಇಂಗ್ಲೆಂಡಿನಲ್ಲಿ ಪದ್ಧತಿ ಬೇರೆ. ಮನೆಯವರ ಹೂ ಮಾತ್ರ ಸಾಕು, ಬೇರೆಯವರು ದಾನ ಕೊಡಿ ಅಂತ ಎಷ್ಟೋ ಸಲ ಮೊದಲೇ ತಿಳಿಸಿರುತ್ತಾರೆ. ಅದನ್ನು ನೋಡಿಕೊಂಡೇ ಮುಂದುವರಿಯಬೇಕು.

ಇಲ್ಲಿಯವರಿಗೆ ಕಳಿಸುವಾಗಲೂ ನಾನು ನಮ್ಮ ಬೀದಿಯ ಹೂವಿನಂಗಡಿಗೇ ಹೋಗುವುದು. ಮಾಲು ಹೆಚ್ಚಾಗಿ ಹಾಲೆಂಡಿನಿಂದ ಬರುತ್ತದೆ. ಬಾಗಿಲಿನ ಕಾಗದದ ಕಿಂಡಿಯಲ್ಲಿ ತೂರಿಸುವ ಚಪ್ಪಟೆ ಡಬ್ಬಿಯ ಹೂ ಈಗ ಇಲ್ಲಿ ಬಹಳ ಚಾಲ್ತಿಯಲ್ಲಿದೆ. ಮೊಗ್ಗಿನಲ್ಲೇ ಬರುತ್ತವೆ, ಮನೆಯಲ್ಲಿ ಯಾರೂ ಇಲ್ಲದಿದ್ದರೂ ನಡೆಯುತ್ತದೆ, ಆದರೆ ಜೋಡಿಸಿಕೊಳ್ಳುವ ಕೆಲಸ ಪಡೆದವರದ್ದು. ಅಮ್ಮಂದಿರ ದಿನ ಇಲ್ಲಿ ಸಾಮಾನ್ಯವಾಗಿ ಮಾರ್ಚ್‌ನಲ್ಲಿ, ನಮ್ಮ ಕಡೆ ಮೇನಲ್ಲಿ. ಅತ್ತೆ ಇರುವುದು ಬೆಂಗಳೂರಿನಲ್ಲಿ. ಹಾಗಾಗಿ ಮಾರ್ಚ್‌ನಲ್ಲಿ ಇಲ್ಲಿಯ ಜಾಹೀರಾತು ನೋಡಿ ನನ್ನ ಗಂಡ ಗಾಬರಿಯಾಗುತ್ತಾನೆ, ಮೇ ಬರುವಷ್ಟರಲ್ಲಿ ಮರೆತಿರುತ್ತಾನೆ. ಫ್ರಾನ್ಸಿನಲ್ಲಿರುವ ಗೆಳತಿಗೆ ಕಳಿಸುವಾಗ ಅಂಗಡಿಯವಳು ತಾನಾಗಿಯೇ ಹೇಳಿದಳು: ಅಲ್ಲಿ ಸೇವಂತಿಗೆಯನ್ನು ನವೆಂಬರ್ 1ರ ಸುಮಾರಿಗೆ ಸಮಾಧಿಗಳ ಮೇಲೆ ಇಡುತ್ತಾರೆ, ಹುಟ್ಟಿದಹಬ್ಬಕ್ಕೆ ಬೇಡ. ನಮ್ಮಲ್ಲಿ ದೇವರ ತಲೆ ಮೇಲೆ ಇಡುವ ಹೂ. ಗೆಳತಿಗೆ ಬಿಳಿ ಫ್ರೀಸಿಯಾ ಹೋಯಿತು. ಆ ಅಂಗಡಿಯವಳ ನಂಬರ್ ಈಗ ನನ್ನ ಫೋನಿನಲ್ಲಿ ಹೂವಮ್ಮನ ನಂಬರಿನ ಕೆಳಗೇ ಇದೆ.