ಸಣ್ಣ ಊರಿಗೆ ಹೂವು ಕಳಿಸುವಾಗ: ಹೊಸದಾಗಿ ಬಂದವರಿಗೆ

ಮೇ ತಿಂಗಳ ಕೊನೆಯಲ್ಲಿ ಮೈಸೂರಿನಿಂದ ಒಬ್ಬರು ಅಮ್ಮ ಫೋನ್ ಮಾಡಿದ್ದರು. ಅವರ ಮಗಳಿಗೆ ಇಲ್ಲಿ, ಅಮೆರಿಕದ ಇಂಡಿಯಾನಾ ರಾಜ್ಯದ ಕೊಲಂಬಸ್‌ನಲ್ಲಿ, ಹೆರಿಗೆಯಾಗಿ ಮೂರು ದಿನವಾಗಿತ್ತು. ವೀಸಾ ಇನ್ನೂ ಕೈಗೆ ಬಂದಿರಲಿಲ್ಲ. ಬಾಣಂತನಕ್ಕೆ ಬರಲಾಗಲಿಲ್ಲ ಎಂಬ ಸಂಕಟ ಅವರ ದನಿಯಲ್ಲೇ ಇತ್ತು. "ಮಗಳಿಗೆ ಒಂದು ಬೊಕೆ ಕಳಿಸಬೇಕಮ್ಮಾ. ಯಾವ ವೆಬ್‌ಸೈಟ್ ಒಳ್ಳೇದು?" ಎಂದು ಕೇಳಿದರು.

ವೆಬ್‌ಸೈಟ್ ಬೇಡ, ಈ ಊರಿನ ಹೂವಿನ ಅಂಗಡಿಗೇ ಫೋನ್ ಮಾಡೋಣ ಎಂದೆ. ಇಲ್ಲಿಗೆ ಬಂದು 16 ವರ್ಷವಾಯಿತು. ಯಾರು ಕೇಳಿದರೂ ನಾನು ಹೇಳುವುದು ಇದನ್ನೇ.

ಕೊಲಂಬಸ್ ಐವತ್ತು ಸಾವಿರ ಜನರ ಊರು. 1919ರಲ್ಲಿ ಶುರುವಾದ ಕಮ್ಮಿನ್ಸ್ ಎಂಜಿನ್ ಕಂಪನಿಯ ಮುಖ್ಯ ಕಚೇರಿ ಇಲ್ಲಿರುವುದರಿಂದ ನಮ್ಮ ಕಡೆಯ ಎಂಜಿನಿಯರುಗಳು ಬರುತ್ತಲೇ ಇರುತ್ತಾರೆ. ದೊಡ್ಡ ನಗರದಿಂದ ಬಂದವರಿಗೆ ಮೊದಮೊದಲು ಎಲ್ಲವನ್ನೂ ಆನ್‌ಲೈನ್‌ನಲ್ಲೇ ತರಿಸುವ ಅಭ್ಯಾಸ. ನಾನೂ ಹಾಗೇ ಮಾಡಿದ್ದೆ. ಬಂದ ವರ್ಷ ಗೆಳತಿಗೆ ಮಗು ಹುಟ್ಟಿದಾಗ 80 ಡಾಲರ್ ಕೊಟ್ಟು ಒಂದು ಸೈಟಿನಲ್ಲಿ ಬೊಕೆ ಆರಿಸಿದೆ. ಚಿತ್ರದಲ್ಲಿ ತುಂಬಿ ತುಳುಕುವಷ್ಟು ಗುಲಾಬಿ ಇತ್ತು. ಅವಳ ಮನೆಗೆ ಹೋಗಿ ನೋಡಿದರೆ ಹೂದಾನಿಯಲ್ಲಿ ಆರು ಹೂವು, ಮಿಕ್ಕಿದ್ದೆಲ್ಲ ಬರೀ ಎಲೆ. ಅವಳು ಏನೂ ಅನ್ನಲಿಲ್ಲ. ನನಗೇ ಬೇಜಾರಾಯಿತು.

ಯಾಕೆ ಹೀಗಾಯಿತು ಎಂದು ಆಮೇಲೆ ಇಲ್ಲಿನ ಅಂಗಡಿಯ ಹಿರಿಯ ಹೆಂಗಸೊಬ್ಬರು ಬಿಡಿಸಿ ಹೇಳಿದರು. ಇಂಥ ಸೈಟುಗಳಲ್ಲಿ ಬಹಳಷ್ಟಕ್ಕೆ ತಮ್ಮದೇ ಹೂವಿಲ್ಲ, ಅಂಗಡಿಯೂ ಇಲ್ಲ. ಅವರು ಆರ್ಡರ್ ತೆಗೆದುಕೊಂಡು ನಿಮ್ಮವರು ಇರುವ ಊರಿನ ಯಾವುದೋ ಅಂಗಡಿಗೆ ದಾಟಿಸುತ್ತಾರೆ. ಆರ್ಡರ್ ತೆಗೆದುಕೊಂಡವರಿಗೆ ಸಾಮಾನ್ಯವಾಗಿ ನೂರಕ್ಕೆ 20ರಷ್ಟು ಪಾಲು. ನಡುವೆ ಇರುವ ಜಾಲಕ್ಕೆ ಇನ್ನೊಂದಿಷ್ಟು. ಸರ್ವಿಸ್ ಚಾರ್ಜ್ ಬೇರೆ. ಹೂವು ಕಟ್ಟಿ ಮನೆಗೆ ಮುಟ್ಟಿಸುವವರ ಕೈಗೆ ಉಳಿದಷ್ಟು ಸಿಗುತ್ತದೆ. ಅಷ್ಟಕ್ಕೆ ಎಷ್ಟು ಹೂವು ಬರುತ್ತದೋ ಅಷ್ಟೇ ಹಾಕಬೇಕು, ಅಲ್ವಾ? ಈ ಪದ್ಧತಿ ಹಳೆಯದು. ಎಫ್‌ಟಿಡಿ ಎಂಬ ಹೂವಿನ ಅಂಗಡಿಗಳ ಜಾಲ ಶುರುವಾಗಿದ್ದು 1910ರಲ್ಲಿ. ಆಗ ಒಂದು ಊರಿನ ಅಂಗಡಿಯವರು ಇನ್ನೊಂದು ಊರಿನವರಿಗೆ ಟೆಲಿಗ್ರಾಂ ಕೊಟ್ಟು ಆರ್ಡರ್ ತಿಳಿಸುತ್ತಿದ್ದರು. ಇವತ್ತು ನಮ್ಮ ಕೈಯಲ್ಲೇ ಫೋನಿದೆ. ಆ ಊರಿಗೆ ನಾವೇ ಮಾತಾಡಬಹುದು.

ಆದರೆ ಊರಿನ ನಿಜವಾದ ಅಂಗಡಿಯನ್ನು ಹುಡುಕುವುದೇ ಮೊದಲ ಕೆಲಸ. ಊರ ಹೆಸರು, ಹೂವು ಎಂದು ಗೂಗಲ್‌ನಲ್ಲಿ ಹುಡುಕಿದರೆ ಮೇಲೆ ಬರುವುದು ಹೆಚ್ಚಾಗಿ ಜಾಹೀರಾತು. ಊರ ಹೆಸರನ್ನೇ ಹಾಕಿಕೊಂಡು, ಊರಲ್ಲೇ ಇರುವ ಹಾಗೆ ಕಾಣಿಸಿಕೊಳ್ಳುವ ಹೊರಗಿನವರೂ ಅಲ್ಲಿರುತ್ತಾರೆ. ಪುಟದಲ್ಲಿ ರಸ್ತೆಯ ವಿಳಾಸ ಇದೆಯೇ ನೋಡಿ. ಮ್ಯಾಪಿನಲ್ಲಿ ಆ ರಸ್ತೆಗೆ ಹೋಗಿ ಅಂಗಡಿಯ ಬೋರ್ಡ್ ಕಾಣುತ್ತದೆಯೇ ನೋಡಿ. ಫೋನ್ ಎತ್ತಿದವರು ಅಂಗಡಿಯ ಹೆಸರು ಹೇಳಬೇಕು. ಸುಮ್ನೆ "ಫ್ಲವರ್ ಶಾಪ್" ಎಂದರೆ "ನಿಮ್ಮ ಅಂಗಡಿ ಯಾವ ರಸ್ತೆಯಲ್ಲಿದೆ?" ಎಂದು ಕೇಳಿ. ಊರಿನವರು ತಡವರಿಸುವುದಿಲ್ಲ. ನಾನು ಪರಿಚಯವಿಲ್ಲದ ಊರಿಗೆ ಕಳಿಸುವಾಗ ಇನ್ನೊಂದು ದಾರಿ ಹಿಡಿಯುತ್ತೇನೆ. ಅಲ್ಲಿನ ಆಸ್ಪತ್ರೆಯ ಗಿಫ್ಟ್ ಶಾಪಿಗೋ, ಅಂತ್ಯಕ್ರಿಯೆಯ ಏರ್ಪಾಡು ನೋಡಿಕೊಳ್ಳುವ ಫ್ಯೂನರಲ್ ಹೋಮಿಗೋ ಫೋನ್ ಮಾಡಿ "ನಿಮ್ಮಲ್ಲಿಗೆ ಒಳ್ಳೆಯ ಹೂವು ಯಾವ ಅಂಗಡಿಯಿಂದ ಬರುತ್ತದೆ?" ಎಂದು ಕೇಳುತ್ತೇನೆ. ದಿನಾ ಹೂವು ನೋಡುವವರು ಅವರು. ಖುಷಿಯಿಂದ ಹೇಳುತ್ತಾರೆ.

ಫೋನಿನಲ್ಲಿ ಇಂಗ್ಲಿಷ್ ಮಾತಾಡಲು ಹೊಸಬರಿಗೆ ಅಳುಕು ಇರುತ್ತದೆ. ಹೇಳಬೇಕಾದ್ದನ್ನು ಮೊದಲೇ ಚೀಟಿಯಲ್ಲಿ ಬರೆದುಕೊಂಡು ಓದಿ. ಯಾರಿಗೆ, ಯಾವ ಸಂದರ್ಭ, ಎಷ್ಟು ದುಡ್ಡು, ಯಾವ ಬಣ್ಣ, ಯಾವ ದಿನ, ಅಷ್ಟು ಸಾಕು. "ಡೆಲಿವರಿ ಸೇರಿ 75 ಡಾಲರ್ ದಾಟುವುದು ಬೇಡ" ಎಂದು ನೇರವಾಗಿ ಹೇಳಿ, ಅವರು ತಪ್ಪು ತಿಳಿಯುವುದಿಲ್ಲ. ಇಂಥದ್ದೇ ಹೂವು, ಇಂಥ ಚಿತ್ರದಂತೆಯೇ ಬೇಕು ಎಂದು ಹಟ ಮಾತ್ರ ಬೇಡ. ಇಲ್ಲಿ ಮಾರುವ ಗುಲಾಬಿ ಬಹುಪಾಲು ಕೊಲಂಬಿಯಾ, ಈಕ್ವೆಡಾರ್ ದೇಶಗಳದ್ದು. ವಿಮಾನದಲ್ಲಿ ಮಯಾಮಿಗೆ ಇಳಿದು, ತಣ್ಣನೆಯ ಲಾರಿಯಲ್ಲಿ ಸಗಟು ವ್ಯಾಪಾರಿಯ ಹತ್ತಿರ ಬಂದು, ಅಲ್ಲಿಂದ ಈ ಸಣ್ಣ ಅಂಗಡಿಗೆ ಬರಬೇಕು. ಪ್ರತಿದಿನ ಎಲ್ಲವೂ ಇರುವುದಿಲ್ಲ. "ಇವತ್ತು ನಿಮ್ಮಲ್ಲಿ ಯಾವುದು ಚೆನ್ನಾಗಿದೆಯೋ ಅದನ್ನೇ ಹಾಕಿ" ಎಂದರೆ ಕೊಟ್ಟ ದುಡ್ಡಿಗಿಂತ ಚೆಂದದ್ದು ಸಿಗುತ್ತದೆ.

ವಿಳಾಸ ಹೇಳುವಾಗ ರಾಜ್ಯದ ಹೆಸರು ಮತ್ತು ಜಿಪ್ ಕೋಡ್ ಎರಡನ್ನೂ ಒತ್ತಿ ಹೇಳಿ. ನಮ್ಮ ಕೊಲಂಬಸ್ 47201, 47203. ಕೊಲಂಬಸ್ ಎಂದಷ್ಟೇ ಅಂದರೆ ಓಹಾಯೋದ ದೊಡ್ಡ ಕೊಲಂಬಸ್ ಎಂದುಕೊಳ್ಳುವವರೇ ಜಾಸ್ತಿ. ಬ್ಲೂಮಿಂಗ್ಟನ್ ಇಂಡಿಯಾನಾದಲ್ಲೂ ಇದೆ, ಇಲಿನಾಯ್‌ನಲ್ಲೂ ಇದೆ, ಮಿನೆಸೋಟದಲ್ಲೂ ಇದೆ. ಸ್ಪ್ರಿಂಗ್‌ಫೀಲ್ಡ್ ಕಥೆಯೂ ಇದೇ. ಹೂವು ಪಡೆಯುವವರ ಫೋನ್ ನಂಬರನ್ನು ತಪ್ಪದೇ ಕೊಡಿ. ಜನವರಿ, ಫೆಬ್ರವರಿಯಲ್ಲಿ ಬಾಗಿಲ ಮುಂದೆ ಇಟ್ಟು ಹೋದ ಹೂವು ಅರ್ಧ ಗಂಟೆಯಲ್ಲಿ ಹೆಪ್ಪುಗಟ್ಟಿ ಕಪ್ಪಾಗುತ್ತದೆ. "ಮೊದಲು ಫೋನ್ ಮಾಡಿ, ಕೈಗೇ ಕೊಡಿ" ಎಂದು ಹೇಳಿಬಿಡಿ. ಹಗಲು ಮನೆಯಲ್ಲಿ ಯಾರೂ ಇಲ್ಲದಿದ್ದರೆ ಆಫೀಸಿಗೆ ಕಳಿಸುವುದೇ ಒಳ್ಳೆಯದು.

ಸಣ್ಣ ಊರಿನ ಎಷ್ಟೋ ಅಂಗಡಿಗಳು ಶನಿವಾರ ಮಧ್ಯಾಹ್ನಕ್ಕೆ ಮುಚ್ಚುತ್ತವೆ, ಭಾನುವಾರ ತೆಗೆಯುವುದೇ ಇಲ್ಲ. ಫೆಬ್ರವರಿ 14 ಮತ್ತು ಮೇ ತಿಂಗಳ ಎರಡನೇ ಭಾನುವಾರ ಬರುವ ಮದರ್ಸ್ ಡೇ ಹತ್ತಿರವಾದಾಗ ಅವರಿಗೆ ಉಸಿರಾಡಲೂ ಪುರುಸೊತ್ತಿಲ್ಲ. ವಾರ ಮೊದಲೇ ಹೇಳಿ.

ಊರಿನಿಂದ ಅಪ್ಪ ಅಮ್ಮ ನೇರವಾಗಿ ಕಳಿಸಬೇಕೆಂದರೆ ಕಾರ್ಡಿನ ತೊಡಕಿದೆ. ಭಾರತದ ಹೊಸ ಕಾರ್ಡುಗಳಲ್ಲಿ ವಿದೇಶದ ಖರೀದಿಯನ್ನು ನಾವೇ ಆನ್ ಮಾಡಿಕೊಳ್ಳಬೇಕು. 2020ರಿಂದ ಇದು ರಿಸರ್ವ್ ಬ್ಯಾಂಕಿನ ನಿಯಮ. ಇಲ್ಲಿ ಐದಂಕಿಯ ಜಿಪ್ ಕೋಡ್ ಕೇಳುತ್ತಾರೆ, ನಮ್ಮ ಪಿನ್ ಕೋಡಿಗೆ ಆರಂಕಿ. ಅಲ್ಲೇ ಸಿಕ್ಕಿಹಾಕಿಕೊಳ್ಳುವುದೂ ಉಂಟು. ಆದ್ದರಿಂದ ಇಲ್ಲಿರುವ ಯಾರಾದರೂ ದುಡ್ಡು ಕೊಟ್ಟು, ಹಿರಿಯರ ಹೆಸರಿನಲ್ಲಿ ಕಳಿಸುವುದು ಸುಲಭ. ಇದನ್ನು ಕೇಳಲು ಸಂಕೋಚಪಡಬೇಡಿ. ನಮ್ಮ ಕನ್ನಡದವರು ಯಾರೂ ಇಲ್ಲ ಅನ್ನುವುದಿಲ್ಲ.

ಆಸ್ಪತ್ರೆಗೆ ಕಳಿಸುವ ಮುನ್ನ ವಿಚಾರಿಸಿ. ಐಸಿಯುನಲ್ಲಿ ಹೂವು ಬಿಡುವುದಿಲ್ಲ. ಹೆರಿಗೆಯಾದವರನ್ನು ಎರಡು ದಿನಕ್ಕೇ ಮನೆಗೆ ಕಳಿಸುವುದರಿಂದ ಹೂವನ್ನೂ ಮನೆಗೇ ಕಳಿಸಿ. ಮನೆಯಲ್ಲಿ ಬೆಕ್ಕಿದ್ದರೆ ಲಿಲಿ ಬೇಡವೇ ಬೇಡ. ಅದರ ಎಲೆ, ಪರಾಗ, ಹೂದಾನಿಯ ನೀರು ಯಾವುದು ಸ್ವಲ್ಪ ಹೊಟ್ಟೆಗೆ ಹೋದರೂ ಬೆಕ್ಕಿನ ಮೂತ್ರಪಿಂಡ ಕೆಡುತ್ತದೆ, ಜೀವವೇ ಹೋಗಬಹುದು. ಇದನ್ನು ಅಂಗಡಿಯವರಿಗೆ ಮರೆಯದೆ ಹೇಳಿ.

ಸಾವಿನ ಮನೆಯ ವಿಷಯ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಹೊಸಬರು ಗಲಿಬಿಲಿಗೊಳ್ಳುವುದು ಇಲ್ಲೇ. ಸಹೋದ್ಯೋಗಿಯ ತಂದೆ ತೀರಿಕೊಂಡರು ಅಂದುಕೊಳ್ಳಿ. ಫ್ಯೂನರಲ್ ಹೋಮಿನ ಪುಟದಲ್ಲಿ ಒಬಿಚುವರಿ, ಅಂದರೆ ತೀರಿಕೊಂಡವರ ಬಗ್ಗೆ ಮನೆಯವರ ಪ್ರಕಟಣೆ, ಹಾಕಿರುತ್ತಾರೆ. ಅದನ್ನು ಕೊನೆಯವರೆಗೆ ಓದಿ. ಹೂವಿನ ಬದಲು ಇಂಥ ಸಂಸ್ಥೆಗೆ ದಾನ ಕೊಡಿ ಎಂದು ಬರೆದಿದ್ದರೆ ಹಾಗೆಯೇ ಮಾಡಿ, ಅದು ಮನೆಯವರ ಇಷ್ಟ. ಇಲ್ಲದಿದ್ದರೆ ವಿಸಿಟೇಶನ್, ಅಂದರೆ ಜನ ಬಂದು ಮನೆಯವರನ್ನು ಕಂಡು ಹೋಗುವ ಹೊತ್ತು, ಶುರುವಾಗುವ ಮೊದಲೇ ಹೂವು ಅಲ್ಲಿ ತಲುಪಬೇಕು. ಪೆಟ್ಟಿಗೆಯ ಮೇಲಿಡುವ ಹೂವು ಮನೆಯವರದ್ದು, ಅದನ್ನು ನಾವು ಕಳಿಸುವುದಿಲ್ಲ. ಒಂದು ಕುಂಡದ ಗಿಡ ಅಥವಾ ಸಾಧಾರಣ ಬೊಕೆ ಸಾಕು. ನಾನು ಗಿಡವನ್ನೇ ಆರಿಸುತ್ತೇನೆ. ಆಮೇಲೂ ಅದು ಅವರ ಮನೆಯಲ್ಲಿ ಉಳಿಯುತ್ತದೆ.

ನಮ್ಮವರಲ್ಲೇ ಒಬ್ಬರ ತಂದೆ, ಮಗನ ಮನೆಗೆ ಬಂದವರು, ಡಿಸೆಂಬರಿನಲ್ಲಿ ಇಲ್ಲೇ ತೀರಿಕೊಂಡರು. ಹಾರ ಬೇಕು, ಬಿಡಿ ಹೂವು ಬೇಕು. ಮಾರನೆಯ ದಿನವೇ ಬೇಕು. ಅಂಗಡಿಯ ಆ ಹೆಂಗಸಿಗೆ ಫೋನಿನಲ್ಲಿ ವಿವರಿಸಿದೆ: ಬಂದವರೆಲ್ಲ ಒಂದೊಂದು ಹಿಡಿ ಹೂವನ್ನು ಪಾದದ ಬಳಿ ಹಾಕುತ್ತೇವೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವೇ ಬಂದು ಜೊತೆಗೆ ಕೂತು ತೋರಿಸುತ್ತೀರಾ?" ಎಂದರು. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಮೂವರು ಕೂತು ಗುಲಾಬಿಯ ಎಸಳು ಬಿಡಿಸಿದೆವು. ಬಿಳಿ ಸೇವಂತಿಗೆಯನ್ನು ಸೂಜಿ ದಾರದಲ್ಲಿ ಪೋಣಿಸಿ ಹಾರ ಮಾಡಿದೆವು. ಎಸಳಿಗೆ ಅವರು ದುಡ್ಡು ತೆಗೆದುಕೊಳ್ಳಲಿಲ್ಲ. ಅಂಥ ಹೊತ್ತಿನಲ್ಲಿ ಪರಿಚಯದ ಅಂಗಡಿ ಇರಬೇಕು. ಒಳ್ಳೆಯ ದಿನಗಳಲ್ಲೇ ಒಮ್ಮೆ ಹೋಗಿ ಮುಖ ಪರಿಚಯ ಮಾಡಿಕೊಳ್ಳಿ.

ಇನ್ನು ಮಲ್ಲಿಗೆ. ಸೀಮಂತಕ್ಕೆ, ವರಮಹಾಲಕ್ಷ್ಮಿಗೆ ಮೊಳ ಮಲ್ಲಿಗೆ ಮುಡಿಯದಿದ್ದರೆ ಮನಸ್ಸಿಗೆ ಸಮಾಧಾನ ಇರುವುದಿಲ್ಲ. ಈ ಊರಿನಲ್ಲಿ ಸಿಗುವುದಿಲ್ಲ. ಸುಮಾರು 45 ಮೈಲಿ ದೂರದ ಇಂಡಿಯಾನಾಪೊಲಿಸ್‌ನ ಇಂಡಿಯನ್ ಅಂಗಡಿಗಳಿಗೆ ಹಬ್ಬದ ವಾರ ಬರುತ್ತದೆ. ಬರುತ್ತದೆಯೇ, ಯಾವ ದಿನ ಎಂದು ಫೋನ್ ಮಾಡಿ ಕೇಳಿ, ಒಂದೆರಡು ಮೊಳ ಎತ್ತಿಡಲು ಹೇಳಿ. ಒದ್ದೆ ಮಾಡಿ ಹಿಂಡಿದ ಬಟ್ಟೆಯಲ್ಲಿ ಸುತ್ತಿ, ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಫ್ರಿಜ್ಜಿನಲ್ಲಿಟ್ಟರೆ ಎರಡು ದಿನ ಬಾಡುವುದಿಲ್ಲ. ಊರಿಂದ ಬರುವವರ ಸಾಮಾನಿನಲ್ಲಿ ಹೂವು ತರಿಸಿದರೆ ವಿಮಾನ ನಿಲ್ದಾಣದಲ್ಲಿ ಅದನ್ನು ತಪ್ಪದೆ ಘೋಷಿಸಬೇಕು. ತಪಾಸಣೆಯಲ್ಲಿ ಹುಳು ಕಂಡರೆ ತೆಗೆದುಕೊಂಡುಬಿಡುತ್ತಾರೆ. ಚೆಂಡು ಹೂವನ್ನಂತೂ ನೀವೇ ಬೆಳೆಯಿರಿ. ಹಿಮದ ಭಯ ಕಳೆದ ಮೇಲೆ, ಮೇ ಮಧ್ಯದಲ್ಲಿ ಬೀಜ ಹಾಕಿದರೆ ಗಣೇಶನ ಹಬ್ಬಕ್ಕೆ ತೋರಣಕ್ಕಾಗುವಷ್ಟು ಬರುತ್ತದೆ. ಸೆಪ್ಟೆಂಬರಿನಲ್ಲಿ ಎಲ್ಲರ ಮನೆ ಮುಂದೆ ಕುಂಡದಲ್ಲಿ ಕಾಣುವ "ಮಮ್" ನಮ್ಮ ಸೇವಂತಿಗೆಯೇ. ನವರಾತ್ರಿಗೆ ನಾನು ಎರಡು ಕುಂಡ ತಂದುಬಿಡುತ್ತೇನೆ.

ಮೈಸೂರಿನ ಅಮ್ಮನ ಬೊಕೆಗೆ ನಾನು ಕೇಳಿದ್ದು ಪಿಯೊನಿ. ಇಂಡಿಯಾನಾದ ರಾಜ್ಯ ಹೂವು ಅದು, 1957ರಿಂದ. ಮೇ ಕೊನೆಯ ಸೋಮವಾರದ ಮೆಮೋರಿಯಲ್ ಡೇ ಹೊತ್ತಿಗೆ ಇಲ್ಲಿನ ಹಿತ್ತಿಲುಗಳಲ್ಲಿ ಅರಳುತ್ತದೆ, ಜನ ಅದನ್ನು ಕೊಯ್ದು ತಮ್ಮವರ ಸಮಾಧಿಗೆ ಒಯ್ಯುತ್ತಾರೆ. ಕಾರ್ಡಿನಲ್ಲಿ ಏನು ಬರೆಸಲಿ ಎಂದು ಕೇಳಿದ್ದಕ್ಕೆ ಆ ತಾಯಿ, "ಪುಟ್ಟಿ, ಹೊತ್ತಿಗೆ ಸರಿಯಾಗಿ ಊಟ ಮಾಡು, ಅಮ್ಮ" ಎಂದು ಬರೆಸಿ ಎಂದರು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಇಮೇಲ್ ಮಾಡಿದೆ. ಫೋನಿನಲ್ಲಿ ಹೇಳಿದರೆ ಅಕ್ಷರ ತಪ್ಪುತ್ತದೆ, ನೀವೂ ಬರೆದೇ ಕಳಿಸಿ. ಬೆಳಿಗ್ಗೆ 11ಕ್ಕೆ ಹೂವು ಮುಟ್ಟಿತು, ಆಗ ಮೈಸೂರಿನಲ್ಲಿ ರಾತ್ರಿ ಎಂಟೂವರೆ. ಮಗಳು ಫೋಟೋ ಕಳಿಸಿದಳು. ಐದೇ ನಿಮಿಷಕ್ಕೆ ಅಮ್ಮನ ಫೋನ್: "ಎಷ್ಟು ದಿನ ಇರುತ್ತಮ್ಮಾ ಅದು?"

ಐದಾರು ದಿನ ಎಂದೆ. ದಂಟಿನ ತುದಿಯನ್ನು ಒಂದಿಂಚು ಓರೆಯಾಗಿ ಕತ್ತರಿಸಬೇಕು. ನೀರಿನಲ್ಲಿ ಮುಳುಗುವ ಎಲೆ ಕಿತ್ತುಹಾಕಬೇಕು. ಎರಡು ದಿನಕ್ಕೊಮ್ಮೆ ನೀರು ಬದಲಾಯಿಸಬೇಕು. ಹೀಟರಿನ ಗಾಳಿ ತಾಗುವಲ್ಲಿ ಇಡಬಾರದು, ಬಾಳೆಹಣ್ಣಿನ ಪಕ್ಕದಲ್ಲೂ ಬೇಡ, ಹಣ್ಣು ಮಾಗುವಾಗ ಬರುವ ಅನಿಲಕ್ಕೆ ಹೂವು ಬೇಗ ಬಾಡುತ್ತದೆ. ಅವರು ಎಲ್ಲವನ್ನೂ ಬರೆದುಕೊಂಡು, ತಾವೇ ಮಗಳಿಗೆ ಹೇಳುತ್ತೇನೆ ಎಂದು ಫೋನ್ ಇಟ್ಟರು.